ಊಹಿಸೋದು ಎಷ್ಟು ಕಷ್ಟ, ನೆನಪು ಎಷ್ಟು ಬೇಕು: ರ‍್ಯಾಂಡಮ್‌ತನ ಮತ್ತು ರಚನೆಗೆ ಸರಿಯಾದ ಅಳತೆ ಆರಿಸುವ ಬಗೆ

ಎರಡು ಸರಣಿ ತಗೊಳ್ಳಿ. ಮೊದಲನೆಯದು 0101010101, ಹೀಗೇ ಕೊನೆಯಿಲ್ಲದೆ. ಎರಡನೆಯದು ನಾಣ್ಯ ಚಿಮ್ಮಿ ಬರೆದದ್ದು: ಹೆಡ್ ಬಿದ್ದರೆ 0, ಟೇಲ್ ಬಿದ್ದರೆ 1. ಎರಡಕ್ಕೂ ಶ್ಯಾನನ್ ಎಂಟ್ರೊಪಿ ಲೆಕ್ಕ ಹಾಕಿ, ಅಂದರೆ ಒಂದೊಂದು ಅಂಕೆಯೂ ಸರಾಸರಿ ಎಷ್ಟು ಅಚ್ಚರಿ ತರುತ್ತದೆ ಅನ್ನೋದನ್ನು. ಎರಡರಲ್ಲೂ ಅರ್ಧ ಸೊನ್ನೆ, ಅರ್ಧ ಒಂದು. ಹಾಗಾಗಿ ಉತ್ತರವೂ ಒಂದೇ: ಪ್ರತಿ ಅಂಕೆಗೆ 1 ಬಿಟ್, ಅಂದರೆ ಸರಿಯಾದ ನಾಣ್ಯ ಒಮ್ಮೆ ಚಿಮ್ಮಿದಾಗ ಸಿಗುವಷ್ಟು ಅಚ್ಚರಿ. ಗಡಿಯಾರದ ಟಿಕ್‌ಟಿಕ್‌ಗೂ ಜೂಜಿನ ನಾಣ್ಯಕ್ಕೂ ಒಂದೇ ಅಂಕ ಕೊಡುವ ಅಳತೆ ಇಟ್ಟುಕೊಂಡು ಏನು ಮಾಡೋದು?

ಇಲ್ಲಿ ಎಂಟ್ರೊಪಿಯ ತಪ್ಪೇನಿಲ್ಲ. ಯಾವ ಚಿಹ್ನೆ ಎಷ್ಟು ಸಲ ಬಂತು ಎಂದು ಕೇಳಿದೆವು, ಅದಕ್ಕೆ ಉತ್ತರ ಬಂತು. ಯಾವುದರ ನಂತರ ಯಾವುದು ಬಂತು ಎಂದು ನಾವು ಕೇಳಲೇ ಇಲ್ಲ. ಈ ಅಳತೆ ಕೊಟ್ಟ ಕ್ಲಾಡ್ ಶ್ಯಾನನ್ 1948ರ ಪ್ರಬಂಧದಲ್ಲೇ ಸರಣಿಗಳ ಎಂಟ್ರೊಪಿಯ ಬಗ್ಗೆಯೂ ಬರೆದಿದ್ದರು. ನಾವು ಮೊದಲ ಸೂತ್ರ ಸಿಕ್ಕ ಕೂಡಲೇ ಪುಟ ಮುಚ್ಚಿಬಿಡುತ್ತೇವೆ, ಅಷ್ಟೆ.

ಮುಂದೆ ಹತ್ತಾರು ಅಳತೆಗಳ ಹೆಸರು ಬರುತ್ತವೆ. ಗಾಬರಿ ಬೇಡ. ಒಂದು ಸರಣಿಯನ್ನು ನೋಡುವ ಅಳತೆಗಳೆಲ್ಲ ಹೆಚ್ಚುಕಡಿಮೆ ಎರಡು ಪ್ರಶ್ನೆಗಳ ಸುತ್ತ ಓಡಾಡುತ್ತವೆ. ಹಿಂದಿನದೆಲ್ಲ ಗೊತ್ತಿದ್ದರೂ ಮುಂದಿನ ಅಂಕೆಯನ್ನು ಊಹಿಸೋದು ಎಷ್ಟು ಕಷ್ಟ? ಇದು ರ‍್ಯಾಂಡಮ್‌ತನದ ಪ್ರಶ್ನೆ. ಪಠ್ಯಪುಸ್ತಕಗಳು ಇದನ್ನೇ ಯಾದೃಚ್ಛಿಕತೆ ಅನ್ನುತ್ತವೆ. ಇನ್ನೊಂದು: ಕೈಲಾದಷ್ಟು ಚೆನ್ನಾಗಿ ಊಹಿಸಬೇಕಾದರೆ ಹಿಂದಿನದರಲ್ಲಿ ಎಷ್ಟನ್ನು ನೆನಪಿಡಬೇಕು? ಇದು ರಚನೆಯ ಪ್ರಶ್ನೆ.

ನಾಣ್ಯದ ಸರಣಿಯಲ್ಲಿ ಊಹೆ ಪೂರಾ ಕಷ್ಟ, ಆದರೆ ನೆನಪಿಡೋಕೆ ಏನೂ ಇಲ್ಲ. 0101ರಲ್ಲಿ ಊಹೆ ಸುಲಭ, ಆದರೆ ಈಗ ಬಂದದ್ದು ಯಾವುದು ಅನ್ನೋ ಒಂದು ಬಿಟ್ ನೆನಪು ಬೇಕು. 0000 ಎಂದು ಬರೀ ಸೊನ್ನೆ ಬರುವ ಸರಣಿಯಲ್ಲಿ ಕಷ್ಟವೂ ಇಲ್ಲ, ನೆನಪೂ ಬೇಡ. ರ‍್ಯಾಂಡಮ್‌ತನ ಇಳಿದಷ್ಟೂ ರಚನೆ ಏರುತ್ತದೆ ಅನ್ನೋ ನಂಬಿಕೆ ಈ ಮೂರು ಸಾಲಿಗೇ ಬಿದ್ದುಹೋಗುತ್ತದೆ. ಅದಕ್ಕೇ ಒಂದೇ ಸಂಖ್ಯೆ ಕೊಟ್ಟು "ಈ ವ್ಯವಸ್ಥೆ ಇಷ್ಟು ಸಂಕೀರ್ಣ" ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಬರೀ ಎಣಿಕೆ ಸಾಕಾಗುವ ಕಡೆ

ಸಾದಾ ಶ್ಯಾನನ್ ಎಂಟ್ರೊಪಿಗೂ ಅದರದ್ದೇ ಜಾಗ ಇದೆ. ಯಾವುದರ ನಂತರ ಯಾವುದು ಬಂತು ಅನ್ನೋದು ಮುಖ್ಯವಲ್ಲದ ಕಡೆ ಅದು ಸಾಕು. ಸರಿಯಾದ ದಾಳಕ್ಕೆ 2.585 ಬಿಟ್. ನೂರಕ್ಕೆ ತೊಂಬತ್ತು ಸಲ ಹೆಡ್ ಬೀಳುವ ಮೋಸದ ನಾಣ್ಯಕ್ಕೆ 0.469 ಬಿಟ್. ಒಂದು ಕಾಡಿನಲ್ಲಿ ಎಷ್ಟು ಜಾತಿಯ ಮರ ಎಷ್ಟೆಷ್ಟು ಇವೆ ಅನ್ನೋ ವೈವಿಧ್ಯ ಅಳೆಯಲು ಪರಿಸರ ವಿಜ್ಞಾನಿಗಳು ಇದನ್ನೇ ಬಳಸುತ್ತಾರೆ. ಮರಗಳ ಎಣಿಕೆಗೆ ಹಿಂದೆ ಮುಂದೆ ಎಂಬುದಿಲ್ಲ, ಹಾಗಾಗಿ ತೊಂದರೆಯೂ ಇಲ್ಲ. ಕಾಲದ ಜೊತೆ ಬದಲಾಗುವ ಯಾವುದಕ್ಕೇ ಆಗಲಿ, ಇದೊಂದನ್ನೇ ನೆಚ್ಚಿ ಕೂರಬೇಡಿ.

ಎಂಟ್ರೊಪಿ ದರ: ಊಹೆಯ ಕಷ್ಟಕ್ಕೆ ನೇರ ಉತ್ತರ

ಒಂದೊಂದೇ ಅಂಕೆ ಎಣಿಸುವ ಬದಲು ಎರಡೆರಡು, ಮೂರುಮೂರು, ಹೀಗೆ ಗುಂಪು ಮಾಡಿ ಎಣಿಸಿ. ಪ್ರತಿ ಉದ್ದದ ಗುಂಪಿಗೂ ಎಂಟ್ರೊಪಿ ಹಾಕಿ. ಇದಕ್ಕೆ ಬ್ಲಾಕ್ ಎಂಟ್ರೊಪಿ ಅನ್ನುತ್ತಾರೆ. ಗುಂಪನ್ನು ಒಂದು ಅಂಕೆಯಷ್ಟು ಉದ್ದ ಮಾಡಿದಾಗ ಎಂಟ್ರೊಪಿ ಎಷ್ಟು ಏರಿತು ಅನ್ನೋದು ಹೊಸ ಅಂಕೆ ತಂದ ನಿಜವಾದ ಅಚ್ಚರಿ. ಉದ್ದ ಹೆಚ್ಚಿಸುತ್ತಾ ಹೋದಾಗ ಈ ಏರಿಕೆ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆ. ಅದೇ ಎಂಟ್ರೊಪಿ ದರ. ನಾಣ್ಯಕ್ಕೆ 1 ಬಿಟ್, 0101ಕ್ಕೆ ಸೊನ್ನೆ. ಕೊನೆಗೂ ಗಡಿಯಾರ ಮತ್ತು ಜೂಜು ಬೇರೆಯಾದವು.

ಇದರ ಶಕ್ತಿ ತಿಳಿಯಲು ಶ್ಯಾನನ್ 1951ರಲ್ಲಿ ಮಾಡಿದ ಕೆಲಸ ಚೆಂದದ ಉದಾಹರಣೆ. ಇಂಗ್ಲಿಷಿನ 26 ಅಕ್ಷರ, ಜೊತೆಗೆ ಒಂದು ಖಾಲಿ ಜಾಗ. ಎಲ್ಲವೂ ಸಮನಾಗಿ ಬಂದರೆ ಅಕ್ಷರಕ್ಕೆ 4.75 ಬಿಟ್. ಆದರೆ ಜನರಿಗೆ ಬರಹದ ಹಿಂದಿನ ಭಾಗ ತೋರಿಸಿ ಮುಂದಿನ ಅಕ್ಷರ ಊಹಿಸಿ ಎಂದಾಗ, ಲೆಕ್ಕ ಸುಮಾರು 0.6ರಿಂದ 1.3 ಬಿಟ್‌ಗೆ ಇಳಿಯಿತು. ಎಣಿಕೆಯ ಕೋಷ್ಟಕದ ಬದಲು ಅವರು ಮನುಷ್ಯರ ತಲೆಯನ್ನೇ ಅಳತೆಯ ಸಾಧನ ಮಾಡಿಕೊಂಡಿದ್ದರು.

ಯಾಕೆ ಹಾಗೆ ಮಾಡಬೇಕಾಯಿತು ಅನ್ನೋದರಲ್ಲೇ ಈ ಅಳತೆಯ ದೊಡ್ಡ ತೊಡಕು ಅಡಗಿದೆ: ಡೇಟಾ ಸಾಲುವುದಿಲ್ಲ. ಎರಡೇ ಚಿಹ್ನೆ ಇದ್ದರೂ 10 ಉದ್ದದ ಗುಂಪುಗಳು 1,024. 20 ಉದ್ದದವು ಹತ್ತು ಲಕ್ಷಕ್ಕಿಂತ ಜಾಸ್ತಿ. ನಿಮ್ಮ ಹತ್ತಿರ ಇರೋದು 10,000 ಅಂಕೆ ಅಂದುಕೊಳ್ಳಿ. ಅದರಲ್ಲಿ ಹೆಚ್ಚೆಂದರೆ 10,000 ಬೇರೆ ಬೇರೆ ಗುಂಪು ಸಿಗಬಹುದು. ಹಾಗಾಗಿ ಎಣಿಸಿ ಹಾಕಿದ ಬ್ಲಾಕ್ ಎಂಟ್ರೊಪಿ 13.29 ಬಿಟ್ ದಾಟಲು ಸಾಧ್ಯವೇ ಇಲ್ಲ. ನಿಜವಾದ ನಾಣ್ಯಕ್ಕೆ 20 ಉದ್ದದಲ್ಲಿ 20 ಬಿಟ್ ಬರಬೇಕು. ಬರೋದು 13.29ರ ಆಸುಪಾಸು. ಗುಂಪು ಇನ್ನಷ್ಟು ಉದ್ದವಾದರೂ ಎಂಟ್ರೊಪಿ ಏರುವುದಿಲ್ಲ. ನೋಡುವವರಿಗೆ "ಆಹಾ, ಎಂಟ್ರೊಪಿ ದರ ಸೊನ್ನೆ, ಇದರಲ್ಲಿ ಅದ್ಭುತ ನಿಯಮ ಇದೆ" ಅನ್ನಿಸುತ್ತದೆ. ಇರೋದು ಡೇಟಾದ ಬಡತನ ಮಾತ್ರ.

ಸಣ್ಣ ಮಟ್ಟದ ತಪ್ಪಿಗೆ ತಿದ್ದುಪಡಿ ಇದೆ. ಬೇರೆ ಬೇರೆ ಗುಂಪುಗಳ ಸಂಖ್ಯೆಯಲ್ಲಿ ಒಂದು ಕಳೆದು, ಅದನ್ನು ಒಟ್ಟು ಎಣಿಕೆಯ ಎರಡರಷ್ಟರಿಂದ ಭಾಗಿಸಿ, ಬಂದದ್ದನ್ನು ಎಂಟ್ರೊಪಿಗೆ ಕೂಡಿಸೋದು. ಇದು ಮಿಲ್ಲರ್–ಮ್ಯಾಡೊ ತಿದ್ದುಪಡಿ. ಉತ್ತರ ನ್ಯಾಟ್‌ನಲ್ಲಿ ಬರುತ್ತದೆ, ಅದು ಬಿಟ್ಟಿನ ಹಾಗೇ ಇನ್ನೊಂದು ಮಾನ, ಬಿಟ್ ಬೇಕಾದರೆ 1.443ರಿಂದ ಗುಣಿಸಿ. 10,000 ಅಂಕೆಗೆ 10 ಉದ್ದದಲ್ಲಿ ಇದು ಸುಮಾರು 0.07 ಬಿಟ್, ಪರವಾಗಿಲ್ಲ. 13 ಉದ್ದಕ್ಕೆ ಹೋದರೆ 0.6 ಬಿಟ್ ಹತ್ತಿರ. ತಿದ್ದುಪಡಿಯೇ ಅಷ್ಟು ದೊಡ್ಡದಾದಾಗ ಅದನ್ನು ನಂಬೋದಕ್ಕಿಂತ ಗುಂಪಿನ ಉದ್ದ ಇಳಿಸೋದು ಲೇಸು. ನಾನು ಇಟ್ಟುಕೊಂಡ ಕೈಲೆಕ್ಕ: ಒಂದು ಗುಂಪಿಗೆ ಸರಾಸರಿ ಹತ್ತು ಸಲವಾದರೂ ಎಣಿಕೆ ಸಿಗದ ಉದ್ದಕ್ಕೆ ಹೋಗುವುದಿಲ್ಲ.

ಕುಗ್ಗಿಸಿ ನೋಡುವ ದಾರಿ

ಗುಂಪು ಎಣಿಸುವ ತಲೆನೋವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಫೈಲನ್ನು ಕುಗ್ಗಿಸಿ, ಎಷ್ಟು ಚಿಕ್ಕದಾಯಿತು ನೋಡಿ. ಇದರ ಹಿಂದಿರುವ ಆದರ್ಶ ಕೊಲ್ಮಗೊರೊವ್ ಸಂಕೀರ್ಣತೆ: ಒಂದು ಸರಣಿಯನ್ನು ಮುದ್ರಿಸಬಲ್ಲ ಅತಿ ಚಿಕ್ಕ ಪ್ರೋಗ್ರಾಮ್ ಎಷ್ಟು ಉದ್ದ? 1960ರ ದಶಕದಲ್ಲಿ ಸೊಲೊಮೊನೊಫ್, ಕೊಲ್ಮಗೊರೊವ್, ಚೈಟಿನ್ ಮೂವರೂ ಬೇರೆ ಬೇರೆಯಾಗಿ ಇದೇ ಯೋಚನೆಗೆ ಬಂದರು. ತೊಂದರೆ ಏನೆಂದರೆ, ಯಾವ ಸರಣಿ ಕೊಟ್ಟರೂ ಈ ಉದ್ದವನ್ನು ಲೆಕ್ಕ ಹಾಕಿ ಕೊಡುವ ಪ್ರೋಗ್ರಾಮ್ ಇರಲು ಸಾಧ್ಯವೇ ಇಲ್ಲ. ಅದು ಸಾಬೀತಾದ ಮಾತು. ಹಾಗಾಗಿ ಡೇಟಾ ಕೈಯಲ್ಲಿ ಹಿಡಿದವರಿಗೆ ಇದು ದಿಕ್ಕು ತೋರಿಸುತ್ತದೆ, ಅಳತೆಪಟ್ಟಿ ಆಗುವುದಿಲ್ಲ.

ಬಳಕೆಗೆ ಬರೋದು ಲೆಂಪೆಲ್ ಮತ್ತು ಝಿವ್ 1976ರಿಂದ 1978ರ ನಡುವೆ ಕೊಟ್ಟ ವಿಧಾನಗಳು. ಸರಣಿಯನ್ನು ಎಡದಿಂದ ಓದುತ್ತಾ, ಈಗಾಗಲೇ ಕಂಡ ತುಣುಕು ಮತ್ತೆ ಬಂದರೆ ಅದನ್ನು ಹೊಸದೆಂದು ಎಣಿಸದೆ ಮುಂದೆ ಹೋಗೋದು. ಕೊನೆಗೆ ಎಷ್ಟು ಹೊಸ ತುಣುಕು ಸಿಕ್ಕವು ಅನ್ನೋದೇ ಅಳತೆ. ಫೈಲ್ ಕುಗ್ಗಿಸುವ ಜಿಝಿಪ್ ಪ್ರೋಗ್ರಾಮ್ ಕೂಡ ಇದೇ ಮನೆತನದ್ದು. ಗುಂಪಿನ ಉದ್ದ ಆರಿಸಬೇಕಿಲ್ಲ, ಬೇಗ ಆಗುತ್ತದೆ. ಮೆದುಳಿಗೆ ಕಾಂತೀಯ ಮಿಡಿತ ಕೊಟ್ಟು ಅದರ ಪ್ರತಿಕ್ರಿಯೆಯನ್ನು ಹೀಗೆ ಕುಗ್ಗಿಸಿ ನೋಡುವ ಅಳತೆಯೊಂದು 2013ರಲ್ಲಿ ಪ್ರಕಟವಾಯಿತು. ಎಚ್ಚರದಲ್ಲಿ ಅದರ ಬೆಲೆ ಜಾಸ್ತಿ, ಗಾಢ ನಿದ್ದೆ ಮತ್ತು ಅರಿವಳಿಕೆಯಲ್ಲಿ ಕಡಿಮೆ.

ಇಲ್ಲಿ ಜಾರಿ ಬೀಳುವ ಜಾಗಗಳೂ ಇವೆ. ನಾನೇ ಒಮ್ಮೆ ಬಿದ್ದಿದ್ದೇನೆ. ರ‍್ಯಾಂಡಮ್ ಇರಬೇಕಾದ ಸೊನ್ನೆ–ಒಂದುಗಳ ಫೈಲನ್ನು ಕುಗ್ಗಿಸಿದೆ. ಆರನೇ ಒಂದು ಭಾಗಕ್ಕಿಂತ ಚಿಕ್ಕದಾಯಿತು. ಏನೋ ಗುಪ್ತ ನಿಯಮ ಸಿಕ್ಕಿತು ಎಂದು ಒಂದು ಸಂಜೆ ಪೂರ್ತಿ ಖುಷಿಪಟ್ಟೆ. ಆಮೇಲೆ ಹೊಳೆಯಿತು: ಪ್ರತಿ ಅಂಕೆಯನ್ನು ಅಕ್ಷರವಾಗಿ ಬರೆದಿದ್ದೆ, ಒಂದೊಂದಕ್ಕೂ 8 ಬಿಟ್ ಜಾಗ. ಒಳಗಿದ್ದ ವಿಷಯ 1 ಬಿಟ್. ಎಂಟನೇ ಒಂದು ಭಾಗದ ತನಕ ಸುಮ್ನೆ ಹಾಗೇ ಕುಗ್ಗುತ್ತದೆ, ಯಾವ ನಿಯಮವೂ ಬೇಕಿಲ್ಲ. ಕನ್ನಡ ಬರಹಕ್ಕೂ ಇಂಗ್ಲಿಷ್ ಬರಹಕ್ಕೂ ಹೀಗೆ ಹೋಲಿಕೆ ಮಾಡುವವರು ಇನ್ನೂ ಹುಷಾರಾಗಿರಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಹೋಗುತ್ತದೆ, ಇಂಗ್ಲಿಷ್ ಅಕ್ಷರಕ್ಕೆ 1. ಕುಗ್ಗಿದ್ದು ಭಾಷೆಯೋ ಬರೀ ಪ್ಯಾಕಿಂಗೋ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ಇನ್ನೊಂದು ಮಿತಿ. ಪೈ ಸಂಖ್ಯೆಯ ಅಂಕೆಗಳನ್ನು ಕೊಟ್ಟರೆ ಜಿಝಿಪ್‌ಗೆ ಅದರಲ್ಲಿ ಯಾವ ನಿಯಮವೂ ಕಾಣುವುದಿಲ್ಲ, ಆದರೆ ಅದನ್ನು ಮುದ್ರಿಸುವ ಪ್ರೋಗ್ರಾಮ್ ಕೆಲವೇ ಸಾಲು. ಮರ್ಸೆನ್ ಟ್ವಿಸ್ಟರ್ ಎಂಬ ಹೆಸರಾಂತ ರ‍್ಯಾಂಡಮ್ ಸಂಖ್ಯೆಯ ಯಂತ್ರವೂ ಹಾಗೇ. ಈ ಲೇಖನದಲ್ಲಿ ಡೇಟಾದಿಂದ ಲೆಕ್ಕ ಹಾಕಬಹುದಾದ ಎಲ್ಲ ಅಳತೆಗಳೂ ಅದನ್ನು ನಾಣ್ಯ ಎಂದೇ ಹೇಳುತ್ತವೆ. ಆದರೆ ಅದರ 32 ಬಿಟ್‌ನ 624 ಸಂಖ್ಯೆ ಸಾಲಾಗಿ ಸಿಕ್ಕರೆ, ವಿಧಾನ ಗೊತ್ತಿದ್ದವರು ಮುಂದಿನದನ್ನೆಲ್ಲ ಹೇಳಬಲ್ಲರು. ಅಳತೆಗೆ ಕಾಣದ್ದು ಇಲ್ಲವೇ ಇಲ್ಲ ಎಂದುಕೊಳ್ಳಬಾರದು, ಅಲ್ವಾ?

ನೆನಪಿನ ಲೆಕ್ಕ: ಎರಡು ನಾಣ್ಯದಾಟ

ಈಗ ಎರಡನೇ ಪ್ರಶ್ನೆಗೆ ಬರೋಣ. ನನ್ನ ಮಟ್ಟಿಗೆ ಈ ಇಡೀ ವಿಷಯದ ರುಚಿ ಇರೋದೇ ಇಲ್ಲಿ. ಒಂದು ಕಾಗದ, ಒಂದು ನಾಣ್ಯ ಇಟ್ಟುಕೊಂಡು ನೀವೂ ಮಾಡಿ ನೋಡಬಹುದು.

ಮೊದಲ ಆಟ: ಹೆಡ್ ಬಿದ್ದರೆ 1 ಬರೆಯಿರಿ, ಟೇಲ್ ಬಿದ್ದರೆ 01 ಬರೆಯಿರಿ. ಬರುವ ಸರಣಿಯಲ್ಲಿ ಎರಡು ಸೊನ್ನೆ ಅಕ್ಕಪಕ್ಕ ಯಾವತ್ತೂ ಬರುವುದಿಲ್ಲ. ಇದನ್ನು ಗೋಲ್ಡನ್ ಮೀನ್ ಸರಣಿ ಅನ್ನುತ್ತಾರೆ. ಎರಡನೇ ಆಟ: ಹೆಡ್ ಬಿದ್ದರೆ 0, ಟೇಲ್ ಬಿದ್ದರೆ 11. ಇಲ್ಲಿ ಎರಡು ಸೊನ್ನೆಗಳ ನಡುವೆ ಒಂದುಗಳು ಯಾವಾಗಲೂ ಸಮಸಂಖ್ಯೆಯಲ್ಲೇ ಇರುತ್ತವೆ. ಇದು ಈವನ್ ಸರಣಿ.

ಎರಡರಲ್ಲೂ ಮೂರರಲ್ಲೊಂದು ಪಾಲು ಸೊನ್ನೆ. ಹಾಗಾಗಿ ಒಂಟಿ ಅಂಕೆಯ ಎಂಟ್ರೊಪಿ ಎರಡಕ್ಕೂ 0.918 ಬಿಟ್. ಎಂಟ್ರೊಪಿ ದರವೂ ಒಂದೇ. ಯಾಕೆಂದರೆ ಪ್ರತಿ ಚಿಮ್ಮುವಿಕೆ 1 ಬಿಟ್ ಅಚ್ಚರಿ ತರುತ್ತದೆ, ಸರಾಸರಿ ಒಂದೂವರೆ ಅಂಕೆ ಬರೆಸುತ್ತದೆ. ಒಂದನ್ನು ಒಂದೂವರೆಯಿಂದ ಭಾಗಿಸಿದರೆ ಅಂಕೆಗೆ 0.667 ಬಿಟ್. ಇಲ್ಲಿಗೆ ಎರಡೂ ಅವಳಿಜವಳಿ.

ಆದರೆ ಇವುಗಳ ಸ್ವಭಾವ ಬೇರೆ. ಮೊದಲನೆಯದರಲ್ಲಿ ಕೊನೆಯ ಅಂಕೆ ನೋಡಿದರೆ ಸಾಕು: ಸೊನ್ನೆಯಾಗಿದ್ದರೆ ಮುಂದೆ ಒಂದು, ಇಲ್ಲವಾದರೆ ನಾಣ್ಯ. ಎರಡನೆಯದರಲ್ಲಿ 1111111 ಎಂದು ಬರುತ್ತಿದ್ದರೆ ನೀವು ಜೋಡಿಯ ಮಧ್ಯದಲ್ಲಿದ್ದೀರೋ, ಕೊನೆಯಲ್ಲಿದ್ದೀರೋ ತಿಳಿಯಲು ಹಿಂದಿನ ಸೊನ್ನೆಯ ತನಕ ಹೋಗಿ ಎಣಿಸಬೇಕು. ಅದು ಎಷ್ಟು ದೂರವಾದರೂ ಇರಬಹುದು. ಎರಡು ಉದ್ದದ ಗುಂಪು ಎಣಿಸಿದರೆ ಮೊದಲ ಆಟದ ಎಂಟ್ರೊಪಿ ದರ ಕರಾರುವಾಕ್ಕಾಗಿ 0.667 ಸಿಗುತ್ತದೆ. ಎರಡನೇ ಆಟಕ್ಕೆ ಸಿಗೋದು 0.87. ಉದ್ದ ಹೆಚ್ಚಿಸಿದಷ್ಟೂ 0.667ರ ಹತ್ತಿರ ಬರುತ್ತದೆ, ಪೂರ್ತಿ ಮುಟ್ಟುವುದೇ ಇಲ್ಲ.

ಈ ವ್ಯತ್ಯಾಸ ಹಿಡಿಯೋದು ಎಕ್ಸೆಸ್ ಎಂಟ್ರೊಪಿ. ಚಿಕ್ಕ ಗುಂಪು ನೋಡಿದಾಗ ಸರಣಿ ನಿಜಕ್ಕಿಂತ ಎಷ್ಟು ಹೆಚ್ಚು ರ‍್ಯಾಂಡಮ್ ಆಗಿ ಕಂಡಿತೋ, ಆ ಹೆಚ್ಚುವರಿಗಳನ್ನೆಲ್ಲ ಪ್ರತಿ ಉದ್ದಕ್ಕೂ ಕೂಡಿಸಿದ ಮೊತ್ತ ಅದು. ಬೇರೆ ರೀತಿ ಹೇಳಿದರೆ, ಕಳೆದದ್ದರಿಂದ ಬರುವುದರ ಬಗ್ಗೆ ಒಟ್ಟು ಎಷ್ಟು ಬಿಟ್ ತಿಳಿಯುತ್ತದೆ ಅನ್ನೋದು. 1980ರ ದಶಕದಲ್ಲಿ ಕ್ರಚ್‌ಫೀಲ್ಡ್ ಮತ್ತು ಪ್ಯಾಕರ್ಡ್, ಶಾ, ಗ್ರಾಸ್‌ಬರ್ಗರ್ ಇದನ್ನು ಬೇರೆ ಬೇರೆ ಹೆಸರಲ್ಲಿ ಬಳಕೆಗೆ ತಂದರು.

ಇದರ ಜೊತೆಗಾರ ಸ್ಟ್ಯಾಟಿಸ್ಟಿಕಲ್ ಕಾಂಪ್ಲೆಕ್ಸಿಟಿ, 1989ರಲ್ಲಿ ಕ್ರಚ್‌ಫೀಲ್ಡ್ ಮತ್ತು ಯಂಗ್ ಕೊಟ್ಟದ್ದು. ಒಂದೇ ಬಗೆಯ ಭವಿಷ್ಯ ಇರುವ ಹಿಂದಿನ ಸಾಲುಗಳನ್ನೆಲ್ಲ ಒಂದೇ ಸ್ಥಿತಿ ಎಂದು ಸೇರಿಸಿಬಿಡಿ. ಹೀಗೆ ಬರುವ ಸ್ಥಿತಿಗಳು ಮತ್ತು ಅವುಗಳ ನಡುವಿನ ದಾರಿಗಳ ಚಿತ್ರಕ್ಕೆ ಎಪ್ಸಿಲಾನ್ ಯಂತ್ರ ಎಂದು ಹೆಸರು. ಯಾವ ಸ್ಥಿತಿಯಲ್ಲಿದ್ದೇವೆ ಎಂದು ನೆನಪಿಡಲು ಬೇಕಾದ ಬಿಟ್‌ಗಳೇ ಈ ಅಳತೆ. ಎಕ್ಸೆಸ್ ಎಂಟ್ರೊಪಿ ಇದನ್ನು ಯಾವತ್ತೂ ಮೀರುವುದಿಲ್ಲ.

| ಸರಣಿ | ಒಂಟಿ ಅಂಕೆಯ ಎಂಟ್ರೊಪಿ | ಎಂಟ್ರೊಪಿ ದರ | ಎಕ್ಸೆಸ್ ಎಂಟ್ರೊಪಿ | ಸ್ಟ್ಯಾಟಿಸ್ಟಿಕಲ್ ಕಾಂಪ್ಲೆಕ್ಸಿಟಿ |
|---|---|---|---|---|
| ನಾಣ್ಯ | 1 | 1 | 0 | 0 |
| 0101 | 1 | 0 | 1 | 1 |
| ಗೋಲ್ಡನ್ ಮೀನ್ | 0.918 | 0.667 | 0.252 | 0.918 |
| ಈವನ್ | 0.918 | 0.667 | 0.918 | 0.918 |

ಕೊನೆಯ ಎರಡು ಸಾಲನ್ನು ಮತ್ತೊಮ್ಮೆ ನೋಡಿ. ನಾಲ್ಕು ಅಳತೆಯಲ್ಲಿ ಮೂರು ಅವಳಿಗಳನ್ನು ಬೇರೆ ಮಾಡಲಾರವು. ಎಕ್ಸೆಸ್ ಎಂಟ್ರೊಪಿ ಒಂದಕ್ಕೇ ವ್ಯತ್ಯಾಸ ಕಾಣುತ್ತದೆ. ಹಾಗಂತ ಅದೊಂದೇ ಸಾಕು ಅನ್ನೋಹಾಗಿಲ್ಲ. ಈವನ್ ಸರಣಿಯನ್ನೂ 0101ನ್ನೂ ಅದರಿಂದಷ್ಟೇ ಹೋಲಿಸಿದರೆ 0.918, 1. ಬಹುತೇಕ ಒಂದೇ. ಅವೆರಡನ್ನು ಬಿಡಿಸೋದು ಎಂಟ್ರೊಪಿ ದರ.

ಎಕ್ಸೆಸ್ ಎಂಟ್ರೊಪಿ, ಸ್ಟ್ಯಾಟಿಸ್ಟಿಕಲ್ ಕಾಂಪ್ಲೆಕ್ಸಿಟಿ, ನೆನಪಿನ ಈ ಎರಡು ಅಳತೆಗಳಲ್ಲಿ ಯಾವುದು? ಡೇಟಾದಿಂದ ನೇರವಾಗಿ ತೆಗೆಯೋದಾದರೆ ಎಕ್ಸೆಸ್ ಎಂಟ್ರೊಪಿ. ಬ್ಲಾಕ್ ಎಂಟ್ರೊಪಿ ಹಾಕಿದವರಿಗೆ ಅದು ಹೆಚ್ಚು ಖರ್ಚಿಲ್ಲದೆ ಸಿಗುತ್ತದೆ. ಸ್ಟ್ಯಾಟಿಸ್ಟಿಕಲ್ ಕಾಂಪ್ಲೆಕ್ಸಿಟಿಗೆ ಯಂತ್ರವನ್ನೇ ಕಟ್ಟಬೇಕು. ಎರಡು ಹಿಂದಿನ ಸಾಲುಗಳ ಭವಿಷ್ಯ "ಒಂದೇ" ಎಂದು ಹೇಳಲು ಅಂಕಿಅಂಶದ ಪರೀಕ್ಷೆ ಬೇಕು. ಆ ಪರೀಕ್ಷೆಯ ಬಿಗಿ ಸ್ವಲ್ಪ ಬದಲಾದರೂ ಸ್ಥಿತಿಗಳ ಸಂಖ್ಯೆ ಬದಲಾಗುತ್ತದೆ. ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ಏರುಪೇರು, ಇರುವ ಡೇಟಾದಲ್ಲಿ ಸ್ಥಿತಿಗಳು ಅಣಬೆಯ ಹಾಗೆ ಏಳುತ್ತವೆ. ಆದರೆ ಯಂತ್ರ ಸರಿಯಾಗಿ ಸಿಕ್ಕಿತೋ, ಅದರಷ್ಟು ಹೇಳುವ ಸಾಧನ ಇನ್ನೊಂದಿಲ್ಲ. ಸಂಖ್ಯೆಯ ಜೊತೆ ವ್ಯವಸ್ಥೆಯ ನಕ್ಷೆಯೇ ಕೈಗೆ ಬರುತ್ತದೆ. ಚಿಹ್ನೆ ಕಡಿಮೆ, ಡೇಟಾ ಉದ್ದ, ಗದ್ದಲ ಇಲ್ಲ, ಈ ಮೂರೂ ಕೂಡಿಬಂದರೆ ಕಷ್ಟಪಟ್ಟಾದರೂ ಕಟ್ಟಿ.

ಡೇಟಾ ಸೊನ್ನೆ–ಒಂದು ಆಗಿಲ್ಲದಾಗ

ನಿಜ ಜಗತ್ತಿನ ಅಳತೆಗಳು ಬಹುಪಾಲು ದಶಮಾಂಶದಲ್ಲಿ ಬರುತ್ತವೆ: ಉಷ್ಣತೆ, ಎದೆಬಡಿತದ ಅಂತರ, ವೋಲ್ಟೇಜ್. ಮೇಲಿನದೆಲ್ಲ ಬಳಸಬೇಕಾದರೆ ಇವನ್ನು ಚಿಹ್ನೆಗಳಾಗಿ ಕತ್ತರಿಸಬೇಕು. ಎಲ್ಲಿ ಕತ್ತರಿಸುತ್ತೀರಿ ಅನ್ನೋದರ ಮೇಲೆ ಉತ್ತರವೇ ಬದಲಾಗಬಹುದು.

ಲಾಜಿಸ್ಟಿಕ್ ಮ್ಯಾಪ್ ಗೊತ್ತಿರಬಹುದು. ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಸಂಖ್ಯೆ ತಗೊಂಡು, ಅದನ್ನು ಒಂದರಿಂದ ಕಳೆದು, ಬಂದದ್ದನ್ನು ಅದೇ ಸಂಖ್ಯೆಯಿಂದಲೂ 4ರಿಂದಲೂ ಗುಣಿಸಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. ಒಂದು ಸಾಲಿನ ನಿಯಮ, ಎಲ್ಲೂ ಅದೃಷ್ಟದ ಮಾತಿಲ್ಲ. ಈಗ ಅರ್ಧಕ್ಕಿಂತ ಕಡಿಮೆಯಿದ್ದರೆ 0, ಜಾಸ್ತಿಯಿದ್ದರೆ 1 ಎಂದು ಬರೆಯಿರಿ. ಬರುವ ಸರಣಿಯ ಅಂಕಿಅಂಶ ಥೇಟ್ ನಾಣ್ಯದ್ದೇ: ಎಂಟ್ರೊಪಿ ದರ 1, ಎಕ್ಸೆಸ್ ಎಂಟ್ರೊಪಿ 0. ನಿಯಮದ ಸುಳಿವೇ ಇಲ್ಲ.

ಅದೇ ಸಂಖ್ಯೆಗಳನ್ನು ಬೇರೆ ಕನ್ನಡಕದಲ್ಲಿ ನೋಡಿ. ಬ್ಯಾಂಟ್ ಮತ್ತು ಪೊಂಪೆ 2002ರಲ್ಲಿ ಕೊಟ್ಟ ಪರ್ಮ್ಯುಟೇಶನ್ ಎಂಟ್ರೊಪಿ ಬೆಲೆಗಳನ್ನು ಬಿಟ್ಟು ಏರಿಳಿತದ ಕ್ರಮವನ್ನಷ್ಟೇ ನೋಡುತ್ತದೆ. ಸಾಲಾಗಿ ಮೂರು ಸಂಖ್ಯೆ ತಗೊಂಡರೆ ಆರು ಕ್ರಮ ಸಾಧ್ಯ. ಲಾಜಿಸ್ಟಿಕ್ ಮ್ಯಾಪಿನಲ್ಲಿ ಅವುಗಳಲ್ಲಿ ಒಂದು, ಸಾಲಾಗಿ ಎರಡು ಸಲ ಇಳಿಯೋದು, ಯಾವತ್ತೂ ಬರುವುದಿಲ್ಲ. ಕಾರಣ ಸರಳ: ಸಂಖ್ಯೆ ಇಳಿಯಬೇಕಾದರೆ ಅದು 0.75ಕ್ಕಿಂತ ಮೇಲಿರಬೇಕು. ಅಲ್ಲಿಂದ ಇಳಿದದ್ದು 0.75ಕ್ಕಿಂತ ಕೆಳಗೇ ಬೀಳುತ್ತದೆ. ಅಲ್ಲಿಂದ ಮುಂದೆ ಏರಲೇಬೇಕು. ನಿಜವಾದ ಗದ್ದಲದಲ್ಲಿ ಆರೂ ಕ್ರಮ ಬಂದೇ ಬರುತ್ತವೆ. ಒಂದು ಖಾನೆ ಖಾಲಿ ಉಳಿದದ್ದೇ ಸಾಕು, ಒಳಗೆ ನಿಯಮ ಇದೆ ಎಂದು ಹೇಳಲು.

ಮೊದಲ ನೋಟಕ್ಕೆ ನಾನು ಯಾವಾಗಲೂ ಇದನ್ನೇ ಆರಿಸೋದು. ಕೋಡ್ ಹತ್ತು ಸಾಲು, ಬೇಗ ಮುಗಿಯುತ್ತದೆ, ಮಾಪನದ ಸ್ಕೇಲ್ ಬದಲಾದರೂ ಉತ್ತರ ಬದಲಾಗುವುದಿಲ್ಲ. 3ರಿಂದ 7ರ ವರೆಗಿನ ಉದ್ದ ಬಳಸಿ ಎಂದು ಬ್ಯಾಂಟ್ ಮತ್ತು ಪೊಂಪೆ ಅವರೇ ಹೇಳಿದ್ದಾರೆ. 5ಕ್ಕೆ 120 ಕ್ರಮ, 6ಕ್ಕೆ 720, 7ಕ್ಕೆ 5,040. ಡೇಟಾ ಇದಕ್ಕಿಂತ ಹಲವು ಪಟ್ಟು ಇರಬೇಕು. ದೋಷವೂ ಅದರ ಗುಣದಲ್ಲೇ ಇದೆ: 1, 2, 1.5 ಮತ್ತು 1, 200, 1.01 ಅದಕ್ಕೆ ಒಂದೇ. ಏರಿಳಿತದ ಗಾತ್ರವೇ ಮುಖ್ಯವಾದ ಕಡೆ ಇದು ಬೇಡ. ಸಂಖ್ಯೆಗಳನ್ನು ದುಂಡು ಮಾಡಿಟ್ಟ ಡೇಟಾದಲ್ಲಿ ಸರಿಸಮ ಬೆಲೆಗಳು ಪದೇ ಪದೇ ಬಂದರೂ ಎಡವುತ್ತದೆ.

ಗಾತ್ರ ಮುಖ್ಯ, ಡೇಟಾ ಕಡಿಮೆ ಅನ್ನುವ ಕಡೆ ಸ್ಯಾಂಪಲ್ ಎಂಟ್ರೊಪಿ. ಎರಡು ತುಣುಕು ಈಗ ಹತ್ತಿರ ಹತ್ತಿರ ಇದ್ದರೆ, ಮುಂದಿನ ಹೆಜ್ಜೆಯಲ್ಲೂ ಹತ್ತಿರವೇ ಇರುತ್ತವೆಯೇ ಎಂದು ಅದು ನೋಡುತ್ತದೆ. ಇದಕ್ಕೆ ಮೊದಲು 1991ರಲ್ಲಿ ಪಿಂಕಸ್ ಅವರ ಅಪ್ರಾಕ್ಸಿಮೇಟ್ ಎಂಟ್ರೊಪಿ ಇತ್ತು. ಅದು ಪ್ರತಿ ತುಣುಕನ್ನು ತನ್ನ ಜೊತೆಗೇ ಹೋಲಿಸಿಯೂ ಲೆಕ್ಕಕ್ಕೆ ಸೇರಿಸುತ್ತಿತ್ತು. ಹಾಗಾಗಿ ಚಿಕ್ಕ ಡೇಟಾ ಇದ್ದದ್ದಕ್ಕಿಂತ ಹೆಚ್ಚು ಕ್ರಮಬದ್ಧವಾಗಿ ಕಾಣುತ್ತಿತ್ತು. 2000ದಲ್ಲಿ ರಿಚ್‌ಮನ್ ಮತ್ತು ಮೂರ್ಮನ್ ತನ್ನ ಜೊತೆಗಿನ ಈ ಹೋಲಿಕೆಯನ್ನು ತೆಗೆದುಹಾಕಿ ಸ್ಯಾಂಪಲ್ ಎಂಟ್ರೊಪಿ ಮಾಡಿದರು. ಹೊಸದಾಗಿ ಶುರು ಮಾಡುವವರಿಗೆ ಹಳೆಯದನ್ನು ಆರಿಸಲು ಕಾರಣ ಕಾಣೆ. ತುಣುಕಿನ ಉದ್ದ 2, ಹತ್ತಿರ ಅಂದರೆ ಮಾನಕ ವಿಚಲನೆಯ 0.2 ಪಾಲು, ಇದು ರೂಢಿ. ಎರಡು ಗುಂಪು ಹೋಲಿಸುವಾಗ ಈ ಎರಡು ಸಂಖ್ಯೆಯನ್ನೂ ಡೇಟಾದ ಉದ್ದವನ್ನೂ ಒಂದೇ ಇಡಿ, ಇಲ್ಲದಿದ್ದರೆ ಹೋಲಿಕೆಯೇ ಅಲ್ಲ.

ಸ್ಯಾಂಪಲ್ ಎಂಟ್ರೊಪಿ ಹೇಳೋದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ, ಊಹೆಯ ಕಷ್ಟ. ಇದನ್ನು ಮರೆತವರಿಗೆ ಎದೆಬಡಿತ ಒಳ್ಳೆಯ ಪಾಠ ಕಲಿಸಿತು. ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಬಡಿತ ಚೆಲ್ಲಾಪಿಲ್ಲಿ. ಎಂಟ್ರೊಪಿ ಆರೋಗ್ಯವಂತ ಹೃದಯಕ್ಕಿಂತ ಜಾಸ್ತಿ ಬರುತ್ತದೆ. ಜಾಸ್ತಿ ಅಂದರೆ ಹೆಚ್ಚು ಸಂಕೀರ್ಣ ಎಂದುಕೊಂಡರೆ ಕಾಯಿಲೆಯೇ ಮೇಲು ಎಂದಾಯಿತು! 2002ರಲ್ಲಿ ಕೋಸ್ಟಾ, ಗೋಲ್ಡ್‌ಬರ್ಗರ್ ಮತ್ತು ಪೆಂಗ್ ಡೇಟಾವನ್ನು ಎರಡೆರಡು, ಮೂರುಮೂರು ಸರಾಸರಿ ಮಾಡುತ್ತಾ ಪ್ರತಿ ಮಟ್ಟದಲ್ಲೂ ಎಂಟ್ರೊಪಿ ಹಾಕಿದರು. ದೊಡ್ಡ ಮಟ್ಟಗಳಲ್ಲಿ ಆರೋಗ್ಯವಂತ ಹೃದಯ ಮುಂದೆ ಬಂತು. ಬರೀ ಗದ್ದಲ ಸರಾಸರಿಯಲ್ಲಿ ಕರಗಿಹೋಗುತ್ತದೆ, ಹಲವು ಕಾಲಮಾನದಲ್ಲಿ ಹೆಣೆದುಕೊಂಡ ರಚನೆ ಕರಗುವುದಿಲ್ಲ. ಡೇಟಾ ಉದ್ದವಿದ್ದರೆ ಈ ಮಲ್ಟಿಸ್ಕೇಲ್ ಎಂಟ್ರೊಪಿ ಮಾಡಿ. ಇಪ್ಪತ್ತನೇ ಮಟ್ಟಕ್ಕೆ ಹೋದಾಗ ಡೇಟಾ ಇಪ್ಪತ್ತನೇ ಒಂದು ಪಾಲಿಗೆ ಇಳಿದಿರುತ್ತದೆ ಅನ್ನೋದು ನೆನಪಿರಲಿ.

ಒಂದಕ್ಕಿಂತ ಹೆಚ್ಚು ಸರಣಿ ಇದ್ದಾಗ

ಎರಡು ಸರಣಿಗೆ ಸಂಬಂಧ ಇದೆಯೇ ಅನ್ನೋದಕ್ಕೆ ಮ್ಯೂಚುಯಲ್ ಇನ್ಫರ್ಮೇಶನ್: ಒಂದು ಗೊತ್ತಿದ್ದರೆ ಇನ್ನೊಂದರ ಬಗ್ಗೆ ಎಷ್ಟು ಬಿಟ್ ತಿಳಿಯುತ್ತದೆ ಅನ್ನೋ ಲೆಕ್ಕ. ಕೊರಿಲೇಶನ್ ನೇರ ಗೆರೆಯ ಸಂಬಂಧವನ್ನಷ್ಟೇ ಹಿಡಿಯುತ್ತದೆ, ಇದು ಯಾವ ಆಕಾರದ್ದನ್ನಾದರೂ ಹಿಡಿಯುತ್ತದೆ. ದಶಮಾಂಶದ ಡೇಟಾಗೆ ಖಾನೆ ಕತ್ತರಿಸುವ ಬದಲು ನೆರೆಯ ಬಿಂದುಗಳ ದೂರ ಬಳಸುವ ಕ್ರಾಸ್ಕೊವ್–ಸ್ಟೋಗ್‌ಬೌವರ್–ಗ್ರಾಸ್‌ಬರ್ಗರ್ ವಿಧಾನ ಉತ್ತಮ, 2004ರದು.

ಯಾವುದು ಯಾವುದಕ್ಕಿಂತ ಮೊದಲು ಸುಳಿವು ಕೊಡುತ್ತದೆ ಎಂದು ಕೇಳುವವರಿಗೆ ಟ್ರಾನ್ಸ್‌ಫರ್ ಎಂಟ್ರೊಪಿ, ಶ್ರೈಬರ್ 2000ದಲ್ಲಿ ಕೊಟ್ಟದ್ದು. ಎರಡನೆಯದರ ಸ್ವಂತ ಹಿಂದಿನದು ಗೊತ್ತಿದ್ದ ಮೇಲೂ ಮೊದಲನೆಯದರ ಹಿಂದಿನದು ಎಷ್ಟು ಬಿಟ್ ಹೊಸದಾಗಿ ತಿಳಿಸುತ್ತದೆ ಎಂದು ಇದು ಅಳೆಯುತ್ತದೆ. ಕೇಳೋಕೆ ಚೆಂದ. ಆದರೆ ಎರಡೂ ಕಡೆ ಐದೈದು ಹೆಜ್ಜೆ ಹಿಂದಕ್ಕೆ ನೋಡಿದರೆ ಸೊನ್ನೆ–ಒಂದರ ಡೇಟಾಗೇ 2,048 ಖಾನೆ ಬೇಕು. ಮೂರನೆಯದೊಂದು ಇವೆರಡನ್ನೂ ಕುಣಿಸುತ್ತಿದ್ದರೆ, ನಡುವೆ ಏನೂ ಹರಿಯದಿದ್ದರೂ ಹರಿದಂತೆ ತೋರಿಸುತ್ತದೆ. ಇದನ್ನು ಕಾರಣ–ಪರಿಣಾಮ ಎಂದು ಬರೆಯುವವರು ಜಾಸ್ತಿಯಾಗಿದ್ದಾರೆ. ಅಷ್ಟು ಧೈರ್ಯ ನನಗಿಲ್ಲ. ಡೇಟಾ ಗಾಸಿಯನ್ (ಗಂಟೆಯಾಕಾರದ ಹಂಚಿಕೆ) ಆಗಿದ್ದರೆ ಇದೂ, ಇದೇ ಪ್ರಶ್ನೆಯನ್ನು ನೇರ ಗೆರೆಯ ಲೆಕ್ಕದಲ್ಲಿ ಕೇಳುವ ಗ್ರೇಂಜರ್ ಪರೀಕ್ಷೆಯೂ ಒಂದೇ ಎಂದು 2009ರಲ್ಲಿ ತೋರಿಸಿದ್ದಾರೆ. ಅಂಥ ಕಡೆ ಗ್ರೇಂಜರ್ ಸಾಕು, ಕಡಿಮೆ ಡೇಟಾದಲ್ಲಿ ಆಗುತ್ತದೆ.

ಜೋಡಿ ಜೋಡಿಯಾಗಿ ನೋಡುವವರಿಗೆ ಇನ್ನೊಂದು ಮಾತು. ಎರಡು ನಾಣ್ಯ ಚಿಮ್ಮಿ. ಎರಡೂ ಒಂದೇ ಬಿದ್ದರೆ 0, ಬೇರೆ ಬಿದ್ದರೆ 1 ಎಂದು ಮೂರನೆಯದು ಬರೆಯಿರಿ. ಮೂರನೆಯದಕ್ಕೂ ಒಂದೊಂದು ನಾಣ್ಯಕ್ಕೂ ನಡುವೆ ಸೊನ್ನೆ ಬಿಟ್. ಎರಡನ್ನೂ ಸೇರಿಸಿ ನೋಡಿದರೆ ಪೂರಾ 1 ಬಿಟ್. ಜಾಲದ ಪ್ರತಿ ಜೋಡಿಗೂ ಗೆರೆ ಎಳೆದು ಚಿತ್ರ ಬಿಡಿಸಿದರೆ ಇಂಥ ರಚನೆ ಹಾಳೆಯ ಮೇಲೆ ಬರುವುದೇ ಇಲ್ಲ.

ಹಾಗಾದರೆ ಯಾವುದನ್ನು ಹಿಡಿಯೋದು

ಎಂಟ್ರೊಪಿಯನ್ನೂ, ಸಮಹಂಚಿಕೆಯಿಂದ ಇರುವ ದೂರವನ್ನೂ ಗುಣಿಸಿ "ಸಂಕೀರ್ಣತೆ" ಎಂದು ಕೊಡುವ ಸೂತ್ರಗಳು 1995ರಿಂದ ಚಾಲ್ತಿಯಲ್ಲಿವೆ. ಪೂರ್ತಿ ಕ್ರಮಕ್ಕೂ ಪೂರ್ತಿ ಗದ್ದಲಕ್ಕೂ ಸೊನ್ನೆ ಬರಲಿ ಎಂದು ಹೊಲಿದ ಅಂಗಿ ಅದು. ಒಂಟಿ ಅಂಕೆಯ ಎಣಿಕೆಯ ಮೇಲೆ ಅದನ್ನು ಹಾಕಿದರೆ ನಮ್ಮ 0101 ಮತ್ತು ನಾಣ್ಯ ಎರಡಕ್ಕೂ ಸೊನ್ನೆ. ಪರ್ಮ್ಯುಟೇಶನ್ ಕ್ರಮಗಳ ಮೇಲೆ ಹಾಕಿ, ಎಂಟ್ರೊಪಿ ಒಂದು ಅಕ್ಷ, ಇದು ಇನ್ನೊಂದು ಅಕ್ಷ ಮಾಡಿ ಬಿಂದು ಗುರುತಿಸೋದು ಮಾತ್ರ ಉಪಯೋಗಕ್ಕೆ ಬರುತ್ತದೆ. 2007ರಿಂದ ಗದ್ದಲವನ್ನೂ, ನಿಯಮದಿಂದಲೇ ಹುಟ್ಟಿ ಗದ್ದಲದಂತೆ ಕಾಣುವ ಕೇಯಾಸನ್ನೂ ಬೇರ್ಪಡಿಸಲು ಹಾಗೆ ಬಳಸುತ್ತಿದ್ದಾರೆ.

ನನ್ನ ಆಯ್ಕೆ ಹೀಗೆ. ಡೇಟಾ ಚಿಹ್ನೆಗಳಲ್ಲಿದ್ದು ಹತ್ತಾರು ಸಾವಿರ ಅಂಕೆ ಇದ್ದರೆ, ಎಂಟ್ರೊಪಿ ದರ ಮತ್ತು ಎಕ್ಸೆಸ್ ಎಂಟ್ರೊಪಿಯನ್ನು ಜೋಡಿಯಾಗಿ ಕೊಡಿ, ಒಂದನ್ನೇ ಕೊಡಬೇಡಿ. ಬ್ಲಾಕ್ ಎಂಟ್ರೊಪಿಯ ಗೆರೆಯನ್ನೂ ಬಿಡಿಸಿ ತೋರಿಸಿ. ಎಲ್ಲಿ ಡೇಟಾ ಬಡತನ ಶುರುವಾಯಿತು ಎಂದು ಓದುವವರಿಗೂ ಕಾಣಲಿ. ದಶಮಾಂಶದ ಡೇಟಾ ಉದ್ದವಿದ್ದರೆ ಪರ್ಮ್ಯುಟೇಶನ್ ಎಂಟ್ರೊಪಿಯಿಂದ ಶುರು ಮಾಡಿ, ಆಮೇಲೆ ಮಲ್ಟಿಸ್ಕೇಲ್. ಕೆಲವೇ ನೂರು ಬೆಲೆಗಳಿದ್ದರೆ ಸ್ಯಾಂಪಲ್ ಎಂಟ್ರೊಪಿ, ಮತ್ತು ರಚನೆಯ ಬಗ್ಗೆ ದೊಡ್ಡ ಮಾತು ಬೇಡ. ನೂರಾರು ಫೈಲುಗಳನ್ನು ಬೇಗ ವಿಂಗಡಿಸಬೇಕಾದರೆ ಲೆಂಪೆಲ್–ಝಿವ್.

ಯಾವುದನ್ನು ಆರಿಸಿದರೂ ಎರಡು ಕೆಲಸ ತಪ್ಪಿಸಬೇಡಿ. ಒಂದು, ಅದೇ ಡೇಟಾವನ್ನು ಕಲಸಿ ಮತ್ತೆ ಅಳೆಯಿರಿ, ನೂರು ಸಲ. ಕಲಸಿದಾಗ ಯಾವ ಬೆಲೆ ಎಷ್ಟು ಸಲ ಬಂತು ಅನ್ನೋದು ಉಳಿಯುತ್ತದೆ, ಕ್ರಮ ಅಳಿಯುತ್ತದೆ. ಮೂಲದ ಸಂಖ್ಯೆ ಈ ನೂರರ ಗುಂಪಿನೊಳಗೇ ಬಿದ್ದರೆ ನಿಮಗೆ ಕಂಡ ರಚನೆ ಡೇಟಾದ್ದಲ್ಲ. ಬರೀ ಕೊರಿಲೇಶನ್‌ನಿಂದ ಬಂದ ರಚನೆಯೋ ಅದಕ್ಕೂ ಆಳದ್ದೋ ಎಂದು ಕೇಳಬೇಕಾದರೆ, ಫೂರಿಯೆ ರೋಹಿತವನ್ನು (ಯಾವ ವೇಗದ ಅಲೆ ಎಷ್ಟಿದೆ ಅನ್ನೋ ಲೆಕ್ಕ) ಹಾಗೇ ಇಟ್ಟು ಉಳಿದದ್ದನ್ನು ಕಲಸುವ ವಿಧಾನಗಳಿವೆ. ಥೈಲರ್ ಮತ್ತು ಜೊತೆಗಾರರು 1992ರಲ್ಲಿ ಇವನ್ನು ಕೊಟ್ಟರು.

ಇನ್ನೊಂದು, ನಿಮ್ಮ ಡೇಟಾ ಮುಟ್ಟುವ ಮೊದಲು ಮೇಲಿನ ಕೋಷ್ಟಕದ ನಾಲ್ಕು ಸರಣಿಯನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ನಿಮ್ಮ ಬಳಿ ಇರುವಷ್ಟೇ ಉದ್ದ ಇಟ್ಟು, ನಿಮ್ಮ ಕೋಡಿಗೆ ಕೊಡಿ. ಗೋಲ್ಡನ್ ಮೀನ್‌ಗೆ ಎಕ್ಸೆಸ್ ಎಂಟ್ರೊಪಿ 0.252ರ ಹತ್ತಿರ ಬರಬೇಕು. ಬರದಿದ್ದರೆ ತಪ್ಪು ಕೋಡಿನಲ್ಲಿದೆ. ಈವನ್‌ಗೆ 0.918 ಬರದೆ 0.8ರ ಸುತ್ತ ನಿಂತರೆ, ಕೋಡ್ ಸರಿಯಿದ್ದರೂ ಗುಂಪಿನ ಉದ್ದ ಸಾಲುತ್ತಿಲ್ಲ. ನಿಮ್ಮ ನಿಜವಾದ ಡೇಟಾದಲ್ಲೂ ಅಷ್ಟೇ ದೂರದ ನೆನಪು ಇದ್ದರೆ ಅದೂ ಹಾಗೇ ಅರ್ಧಂಬರ್ಧ ಕಾಣುತ್ತದೆ.